ಪೀಣ್ಯ ಟೇಪಲ್ಲಿ ಮಾತಾಡೋ ಹೆಂಗಸು

ಆಗಸ್ಟ್ 18, ಸೋಮವಾರ

ಹಲೋ. ಹಲೋ ಹಲೋ. ಹಾಂ, ಕೆಂಪು ಚುಕ್ಕಿ ಬಂತು. ಓಡ್ತಿದೆ.

ಇದು ಶುರುವಾಗಿದ್ದು ವನಜಾಗೋಸ್ಕರ. ಶ್ರೀರಂಜನಿ ಮೇಡಂ ಅಂತ, ಅವಳಿಗೆ ಸ್ಪೀಚ್ ಥೆರಪಿ ಮಾಡೋರು, ಹೋದ ವಾರ ಹೇಳಿದ್ರು. "ಸಾರ್, ನಿಮ್ಮನೇವ್ರು ದಿನಾ ಏನೇನು ಮಾತಾಡೋಕೆ ಟ್ರೈ ಮಾಡ್ತಾರೋ ಅದನ್ನ ಫೋನಲ್ಲಿ ರೆಕಾರ್ಡ್ ಮಾಡಿ ನಂಗೆ ಕೇಳಿಸಿ" ಅಂತ. ಸರಿ, ಮಾಡೋಣ. ಆದ್ರೆ ಅವಳು ಮಾತಾಡಿದ್ರೆ ತಾನೆ? ಫೋನ್ ಹಿಡ್ಕೊಂಡು ಮುಂದೆ ಕೂತ್ರೆ ಕ್ಯಾಲೆಂಡರ್ ನೋಡ್ತಾಳೆ. ಕೊನೆಗೆ ನೋಡಿದ್ರೆ ಫೋನ್ ತುಂಬ ನಂದೇ ಧ್ವನಿ. ಹೋಗ್ಲಿ ಬಿಡು, ನನಗಾದ್ರೂ ಎದೆ ಹಗುರ ಆಗುತ್ತೆ ಅಂತ ಟೆರೇಸಿಗೆ ಬಂದು ಮಾತಾಡ್ತಿದೀನಿ. ಯಾರಿಗೂ ಕೇಳ್ಸೋಕಲ್ಲ ಇದು.

ಮೇ ತಿಂಗಳಲ್ಲಿ ಸ್ಟ್ರೋಕ್ ಆಯ್ತು. ದೋಸೆ ಹುಯ್ತಾ ಇದ್ದೋಳು ಹಾಗೇ ಗೋಡೆಗೆ ಒರಗಿಬಿಟ್ಲು. ಬಲಗೈ ಪೂರ್ತಿ ಹೋಗಿದೆ, ಕಾಲು ಕೋಲು ಹಿಡಿದ್ರೆ ನಡೆಯುತ್ತೆ. ಮಾತು ನಿಂತಿದೆ. ಮೇಡಂ ಪ್ರಕಾರ ಒಳಗೆ ಎಲ್ಲಾ ಇದೆಯಂತೆ, ನಾವು ಹೇಳಿದ್ದೆಲ್ಲ ಅರ್ಥ ಆಗುತ್ತಂತೆ, ಪದ ಬಾಯಿಗೆ ಬರೋಕೆ ಟೈಮ್ ಬೇಕಂತೆ. ಮಗಳು ಮಂಜುಶ್ರೀ ಬಂದು ಒಂದು ತಿಂಗಳು ಇದ್ದು, ಮಗು ಸ್ಕೂಲು ಅಂತ ಹಾಸನಕ್ಕೆ ವಾಪಸ್ ಹೋದ್ಲು. ನಾನು ಪೀಣ್ಯದಲ್ಲಿ ಸ್ಟೋರ್ಸ್ ಸೂಪರ್ವೈಸರು, ಬೆಳಿಗ್ಗೆ ಹೋಗಲೇಬೇಕು. ಅಷ್ಟೊತ್ತು ಪಕ್ಕದ ಮನೆ ಭಾಗ್ಯಮ್ಮ ನೋಡ್ಕೋತಾರೆ.

ಇವತ್ತು ಬಾಗಿಲಲ್ಲೇ ಭಾಗ್ಯಮ್ಮ, "ಸಾ, ಅಕ್ಕ ಇವತ್ತು ನೀರು ಅಂದ್ರು. ಆಮ್ಯಾಕೆ ಸಾಕು ಅಂದ್ರು. ನಿನ್ನೇನೂ ಏನೋ ಏಳಿದ್ರು" ಅಂತಾರೆ!

ನಾನು ಚಪ್ಪಲಿನೂ ಬಿಡದೆ ಒಳಗೆ ಓಡಿದೆ. "ವನಜಾ, ನೀರು ಅಂದ್ಯಂತೆ? ಎಲ್ಲಿ ಹೇಳು. ನೀ... ನೀ..." ಅಂದೆ. ಬಾಯಿ ಗಟ್ಟಿಯಾಗಿ ಮುಚ್ಕೊಂಡ್ಲು. ಭಾಗ್ಯಮ್ಮನ ಹತ್ರ ಮಾತು ಬರುತ್ತೆ, ನನ್ ಹತ್ರ ಬರಲ್ಲ. ಇಪ್ಪತ್ತಾರು ವರ್ಷ ಸಂಸಾರ ಮಾಡಿದೋನು ನಾನು ಕಣ್ರೀ.

ಮೇಡಂಗೆ ಫೋನ್ ಮಾಡಿ ಕೇಳಿದ್ರೆ, "ಸಾರ್, ತಪ್ಪು ತಿಳ್ಕೋಬೇಡಿ. ಅವರು ಒಂದು ಅಕ್ಷರ ಶುರು ಮಾಡೋಷ್ಟರಲ್ಲಿ ನೀವು ಪದ ಮುಗಿಸಿಬಿಡ್ತೀರ. ಭಾಗ್ಯಮ್ಮ ಸುಮ್ನೆ ಕಾಯ್ತಾರೆ" ಅಂದ್ರು. ನಾನು ಸಹಾಯ ಮಾಡ್ತಿದೀನಿ ಅಷ್ಟೇ. ಇದೂ ತಪ್ಪಾ?

ಆಗಸ್ಟ್ 21, ಗುರುವಾರ

ಇವತ್ತು ಒಂದು ಫೋನ್ ಬಂತು, ಅದನ್ನ ಹೇಳಲೇಬೇಕು. ಮಧ್ಯಾಹ್ನ ಊಟದ ಡಬ್ಬಿ ತೆಗೀತಿದ್ದೆ.

"ಸಾರ್, ನಮಸ್ಕಾರ, ನನ್ ಹೆಸ್ರು ಅಮೋಘ್, ಬ್ರೂಕ್‌ಫೀಲ್ಡಿಂದ. ಪೀಣ್ಯ ಟೇಪ್ ರೆಕಾರ್ಡ್ ಮಾಡಿದ ದೇವರಾಜ್ ನೀವೇನಾ?"

ಎದ್ದು ನಿಂತ್ಬಿಟ್ಟೆ. "ಹೌದಪ್ಪಾ, ನಾನೇ" ಅಂದೆ. ಅದಕ್ಕೆ ಅವನು, "ಸಾರ್, ನಿಮ್ಮನ್ನ ಹುಡುಕೋಕೆ ಎರಡು ವರ್ಷ ಹಿಡೀತು ಸಾರ್" ಅಂತಾನೆ.

ಪೀಣ್ಯ ಟೇಪ್ ಅಂದ್ರೆ, ತೊಂಬತ್ತೊಂಬತ್ತನೇ ಇಸವಿ ಆಯುಧಪೂಜೆ ಸಂಜೆದು. ಪೀಣ್ಯ ಎರಡನೇ ಹಂತದಲ್ಲಿ ಫ್ಯಾಕ್ಟರಿಗಳೆಲ್ಲ ಸೇರಿ ಮೈದಾನದಲ್ಲಿ ಪ್ರೋಗ್ರಾಂ ಇಡ್ತಿದ್ವು. ಸಾಮಾನ್ಯವಾಗಿ ಆರ್ಕೆಸ್ಟ್ರಾ ಇರೋದು. ಆ ವರ್ಷ ಯಾವನೋ ಪುಣ್ಯಾತ್ಮ 'ಕರೆಂಟ್ ಕಂಬ' ಅನ್ನೋ ರಾಕ್ ಬ್ಯಾಂಡ್ ಕರೆಸಿದ್ದ. ನಾಲ್ಕೇ ಹುಡುಗ್ರು. ಲೇತ್ ಮೆಷಿನ್ ಮೇಲೆ, ಶಿಫ್ಟ್ ಬಸ್ ಮೇಲೆ, ಓವರ್‌ಟೈಮ್ ಮೇಲೆ ಕನ್ನಡದಲ್ಲಿ ರಾಕ್ ಹಾಡು! ಮೆಷಿನ್ ಮುಂದೆ ಒಡೆದ ಬೂದುಗುಂಬಳಕಾಯಿ ಇನ್ನೂ ಹಸಿಯಾಗಿರೋವಾಗ ನಮ್ಮ ಮೆಷಿನ್ ಸದ್ದನ್ನೇ ಗಿಟಾರಲ್ಲಿ ನುಡಿಸಿಬಿಟ್ರು. ಮುಂದಿನ ವರ್ಷ ಬ್ಯಾಂಡೇ ಒಡೆದೋಯ್ತು. ಒಂದು ಕ್ಯಾಸೆಟ್ಟೂ ಮಾಡ್ಲಿಲ್ಲ. ಅವರು ಹಾಡಿದ್ದಕ್ಕೆ ಉಳಿದಿರೋ ಸಾಕ್ಷಿ ಒಂದೇ, ನನ್ನ ಟೇಪು.

ರೆಕಾರ್ಡಿಂಗ್ ಮಾಡಂಗಿಲ್ಲ ಅಂತ ಬೋರ್ಡು ಹಾಕಿದ್ರು. ಅದರ ಹಿಂದಿನ ವರ್ಷ ಬಾಟ್ಲಿ ಗಲಾಟೆ ಆಗಿತ್ತು ಅಂತ ಗೇಟಲ್ಲಿ ಗಂಡಸರ ಜೇಬೆಲ್ಲ ತಡಕ್ತಿದ್ರು. ಹೆಂಗಸರನ್ನ ಯಾರು ತಡಕ್ತಾರೆ? ನ್ಯಾಷನಲ್ ಮಾರ್ಕೆಟ್‌ನಲ್ಲಿ ತಗೊಂಡಿದ್ದ ಪುಟ್ಟ ರೆಕಾರ್ಡರ್ ವನಜಾ ವ್ಯಾನಿಟಿ ಬ್ಯಾಗಲ್ಲಿ ಒಳಗೆ ಹೋಯ್ತು. ಅದಕ್ಕೂ ರಗಳೆ. ಬೆಳಿಗ್ಗೆ ಪೂಜೆಗೆ ಇಟ್ಟು ಕುಂಕುಮ ಹಚ್ಚಿದ್ವಲ್ಲ, ಆಯುಧಪೂಜೆ ದಿನ ಪೂಜೆ ಮಾಡಿದ್ದನ್ನ ಮುಟ್ಟಬಾರ್ದು ಅಂತ ಅವಳು. ಆಮೇಲೆ ತಾನೇ ಅದರ ಮೇಲೆ ಎರಡು ಅಕ್ಷತೆ ಹಾಕಿ, ಕೈಮುಗಿದು, ಬ್ಯಾಗಿಗೆ ತುರುಕಿದ್ಲು. ಮೈದಾನದಲ್ಲಿ ನಡುವೆ ಹಗ್ಗ ಕಟ್ಟಿ ಈ ಕಡೆ ಗಂಡಸ್ರು, ಆ ಕಡೆ ಹೆಂಗಸ್ರು.

ಆಮೇಲೆ ಆ ಟೇಪು ಹಾಸ್ಟೆಲಿಂದ ಹಾಸ್ಟೆಲಿಗೆ, ಕಾಪಿಯಿಂದ ಕಾಪಿ ಆಗಿ ಎಲ್ಲೆಲ್ಲೋ ಹೋಯ್ತು. ಈಗ ನೆಟ್ಟಲ್ಲೂ ಇದೆಯಂತೆ. ಅದರಲ್ಲಿ ಒಂದೇ ಒಂದು ಕಳಂಕ, ನಮ್ ವನಜಾ ಬಾಯಿ. ಹಾಡಿನುದ್ದಕ್ಕೂ ಗುಸುಗುಸು. ಆ ರೆಕಾರ್ಡರ್ ಹೇಗೆ ಅಂದ್ರೆ, ದೊಡ್ಡ ಸದ್ದು ಬಂದ್ರೆ ತಾನೇ ತಗ್ಗಿಸುತ್ತೆ, ಸದ್ದು ನಿಂತ ತಕ್ಷಣ ಹತ್ರ ಇರೋ ಧ್ವನಿನ ಎತ್ತಿ ಹಿಡಿಯುತ್ತೆ. ಡ್ರಮ್ಸ್ ಜೋರಾಗಿದ್ದಾಗ ಅವಳೇನು ಹೇಳ್ತಾಳೋ ತಿಳಿಯಲ್ಲ, ಒಂದು ಕಡೆ ಇಡೀ ಬ್ಯಾಂಡು ಉಸಿರು ಹಿಡಿದು ನಿಲ್ಲಿಸುತ್ತೆ ನೋಡಿ, ಕರೆಕ್ಟಾಗಿ ಅಲ್ಲಿ "ಬೋಂಡ" ಅಂತಾಳೆ. ಕೇಳೋರೆಲ್ಲ ಅವಳಿಗೆ ಬೋಂಡ ಆಂಟಿ ಅಂತ ಹೆಸರಿಟ್ಟಿದಾರೆ!

ಅಮೋಘ್ ಹೇಳ್ತಾನೆ, ಒರಿಜಿನಲ್ ಕ್ಯಾಸೆಟ್ ಕೊಟ್ರೆ ಈಗ ಸಾಫ್ಟ್‌ವೇರಲ್ಲಿ ಆ ಧ್ವನಿ ಪೂರ್ತಿ ತೆಗೀಬಹುದಂತೆ. ಇಪ್ಪತ್ತಾರು ವರ್ಷ ಆದ್ಮೇಲೆ ನನ್ನ ಟೇಪು ಶುದ್ಧ ಆಗುತ್ತೆ.

ಆಗಸ್ಟ್ 24, ಭಾನುವಾರ

ಬ್ರೂಕ್‌ಫೀಲ್ಡಿಗೆ ಹೋಗಿದ್ದೆ. ಚಿಕ್ಕಬಾಣಾವರದಿಂದ ಅಲ್ಲಿಗೆ ಹೋಗೋದು ಅಂದ್ರೆ ಇನ್ನೊಂದು ಜಿಲ್ಲೆಗೆ ಹೋದಂಗೆ. ಗಾಡಿ ಜಾಲಹಳ್ಳಿಯಲ್ಲಿ ನಿಲ್ಲಿಸಿ, ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ದಾರಿಯುದ್ದಕ್ಕೂ ಕ್ಯಾಸೆಟ್ಟನ್ನ ಮಡಿಲಲ್ಲಿ ಹಸುಗೂಸಿನ ಥರ ಇಟ್ಕೊಂಡಿದ್ದೆ.

ಅಮೋಘ್ ಮೂವತ್ತು ದಾಟಿರೋ ಹುಡುಗ, ಯಾವುದೋ ಕಂಪನಿ ಕೆಲಸ, ಹವ್ಯಾಸ ಮಾತ್ರ ಇದು. ನನ್ನ ಕಾಲು ಮುಟ್ಟೋಕೆ ಬಂದ, "ಏಯ್ ಬೇಡ ಮಗಾ" ಅಂದೆ. ಒಳಗೊಳಗೆ ಖುಷಿ. ಕ್ಯಾಸೆಟ್ ಹಾಕಿ ಕಂಪ್ಯೂಟರಿಗೆ ಇಳಿಸ್ತಾ ಕೇಳಿದ, "ಸಾರ್, ಒಂದು ಡೌಟು. ಸೈಡ್ ತಿರುಗಿಸಬೇಕಿತ್ತಲ್ಲ, ಒಂದು ಹಾಡೂ ಕಟ್ಟಾಗಿಲ್ಲ. ಚಪ್ಪಾಳೆ ಮಧ್ಯ ತಿರುಗಿಸಿದೀರ. ಕತ್ತಲಲ್ಲಿ ಟೇಪ್ ಎಷ್ಟು ಉಳಿದಿದೆ ಅಂತ ಹೇಗೆ ಗೊತ್ತಾಯ್ತು? ನಾವೆಲ್ಲ ಇದನ್ನ ಮಾತಾಡ್ಕೋತೀವಿ ಸಾರ್, ಅದ್ಯಾರು ಗುರು ಅಂತ."

"ಬೆರಳಲ್ಲಿ ಮುಟ್ಟಿ ನೋಡೋದಪ್ಪ. ಅದೆಲ್ಲ ಅಭ್ಯಾಸ" ಅಂದೆ. ಹಾಗೇ ಬಾಯಿಗೆ ಬಂತು.

ಆಮೇಲೆ ಅವನು ಏನೋ ಒತ್ತಿದ. ಆ ನಿಲ್ಲೋ ಜಾಗ ಬಂತು. ಬ್ಯಾಂಡು ನಿಲ್ತು. ಬೋಂಡ ಇಲ್ಲ! ಬರೀ ಮೌನ, ಆಮೇಲೆ ಗಿಟಾರು. ನಾನು ಚಪ್ಪಾಳೆ ತಟ್ಟಿಬಿಟ್ಟೆ. ಅವನ ಹೆಂಡತಿ ಒಳಗಿಂದ ಬಂದು ನೋಡಿದ್ರು.

ಸಂಜೆ ಮನೆಗೆ ಬಂದು ವನಜಾಗೆ ಹೇಳಿದೆ. "ನೋಡೇ, ನಿನ್ ಬೋಂಡ ಹೋಯ್ತು. ಇನ್ ಯಾರೂ ನಗಲ್ಲ." ಅವಳಿಗೂ ಸಂತೋಷ ಆಗುತ್ತೆ ಅನ್ಕೊಂಡಿದ್ದೆ. ಗೋಡೆ ಕಡೆ ತಿರುಗಿ ಮಲಗಿದ್ಲು. ಆಯಾಸ ಇರಬೇಕು.

ಆಗಸ್ಟ್ 27, ಗಣೇಶನ ಹಬ್ಬ

ಕಡುಬು ಭಾಗ್ಯಮ್ಮ ಮಾಡಿಕೊಟ್ರು. ಅವರು, ಅವರ ಯಜಮಾನ್ರು ದ್ಯಾಮಣ್ಣ ಇಬ್ಬರೂ ಬಂದಿದ್ರು. ಅಮೋಘ್ ಕಳಿಸಿದ ಹೊಸ ಟೇಪನ್ನ ಸ್ಪೀಕರಿಗೆ ಹಾಕಿದೆ. ಹಬ್ಬಕ್ಕೆ ಪೀಣ್ಯ ಟೇಪ್ ಹಾಕೋದು ನಮ್ಮನೇಲಿ ಪದ್ಧತಿನೇ.

ವನಜಾ ಕುರ್ಚೀಲಿ ಕೂತಿದ್ಲು. ಒಂದು ವಿಚಿತ್ರ ನೋಡಿದೆ. ಎರಡನೇ ಹಾಡಲ್ಲಿ ಅವಳ ಗುಸುಗುಸು ಬರೋ ಜಾಗದಲ್ಲಿ ಎಡಗೈ ಸ್ವಲ್ಪ ಮೇಲೆತ್ತಿದ್ಲು. ಏನೂ ಬರ್ಲಿಲ್ಲ. ಮುಂದಿನ ಹಾಡಲ್ಲೂ ಕರೆಕ್ಟ್ ಜಾಗಕ್ಕೆ ಎತ್ತಿದ್ಲು. ಅಲ್ಲೂ ಇಲ್ಲ. ಎಲ್ಲೆಲ್ಲಿ ತಾನು ಬರ್ತೀನಿ ಅಂತ ನನಗಿಂತ ಚೆನ್ನಾಗಿ ಗೊತ್ತು ಅವಳಿಗೆ. ಬೋಂಡ ಜಾಗ ಖಾಲಿ ಹೋದಾಗ ಕೈನ ಮಡಿಲಿಗೆ ಇಳಿಸ್ಕೊಂಡು, ಕೋಲು ತಗೊಂಡು, ಎದ್ದು ಒಳಗೆ ಹೋದ್ಲು.

ಭಾಗ್ಯಮ್ಮ, "ಸಾ, ಇದ್ರಾಗೆ ಅಕ್ಕ ಬತ್ತಿದ್ರಲ್ಲ, ಎಲ್ಲೋದ್ರು?" ಅಂದ್ರು.

"ತೆಗೆಸಿದೀನಿ ಭಾಗ್ಯಮ್ಮ. ಈಗ ಕ್ಲೀನಾಗಿದೆ."

"ಯಾಕೆ ಸಾ?"

ದ್ಯಾಮಣ್ಣ ಅವರ ಮೊಣಕೈ ತಿವಿದ್ರು. "ಏ, ನಿಂಗ್ಯಾಕೆ ಅದೆಲ್ಲ, ಕಡುಬು ತಿನ್ನು."

ಹಾಡು ಮುಗೀಲಿ ಅಂತ ಕಾದು ಆಫ್ ಮಾಡಿದೆ. ಹೊಸ ಟೇಪಿನ ಸೌಂಡ್ ತುಂಬಾ ಚೆನ್ನಾಗಿದೆ. ಅದರಲ್ಲಿ ಎರಡು ಮಾತಿಲ್ಲ.

ಸೆಪ್ಟೆಂಬರ್ 2, ಮಂಗಳವಾರ

ನೆಟ್ಟಿಗೆ ಹಾಕಿದಾನೆ. 'ರೆಕಾರ್ಡಿಂಗ್: ದೇವರಾಜ್' ಅಂತ ನನ್ ಹೆಸರು. ಕೆಳಗೆ ಜನ ಬರೆದಿದ್ದೆಲ್ಲ ಸ್ಟೋರ್ಸಲ್ಲಿ ಕೂತು ಓದಿದೆ. 'ಸಕ್ಕತ್ ಗುರು.' 'ದೇವರಾಜ್ ಸಾರ್ ಪಾದಕ್ಕೆ ನಮಸ್ಕಾರ.' 'ಕೊನೆಗೂ ಬೋಂಡ ಆಂಟಿ ಬಾಯಿ ಮುಚ್ಚಿದ್ಲು.' ಅದಕ್ಕೆ ನಗೋ ಮುಖಗಳು ಸಾಲುಸಾಲು.

'ಆಂಟಿ ಅಲ್ಲ ಕಣ್ರಪ್ಪಾ, ಆಗ ಅವಳಿಗಿನ್ನೂ ಇಪ್ಪತ್ತು' ಅಂತ ಟೈಪ್ ಮಾಡಿದೆ. ಅಳಿಸಿದೆ. ಅವರಿಗೇನು ಹೇಳೋದು? ಈ ತಮಾಷೆ ಶುರು ಮಾಡಿದ್ದೇ ನಾನು. ಮನೆಗೆ ಯಾರೇ ಬಂದ್ರೂ ಟೇಪ್ ಹಾಕಿ, "ಈಗ ಬರುತ್ತೆ ನೋಡಿ ನಮ್ ಯಜಮಾನ್ತಿ ಸೋಲೋ" ಅಂತಿದ್ದೆ. ಎಲ್ಲಾ ನಗೋರು. ಅವಳು ಕಾಫಿ ಲೋಟ ಇಡ್ತಾ, "ಅದು ಹಾಗಲ್ಲ ರೀ, ಆವತ್ತು ಪಕ್ಕದಲ್ಲಿ..." ಅಂತ ಶುರು ಮಾಡೋಳು. ನಾನು, "ಆಯ್ತು ಬಿಡೇ, ಹಾಡು ಕೇಳೋಣ" ಅಂತ ವಾಲ್ಯೂಮ್ ಜಾಸ್ತಿ ಮಾಡೋನು.

ಪಕ್ಕದಲ್ಲಿ ಏನಾಗಿತ್ತು ಆವತ್ತು? ಅವಳ ಪಕ್ಕ ನಾನಿರ್ಲಿಲ್ಲ. ನಾನು ಹಗ್ಗದ ಈ ಕಡೆ.

ಸಂಜೆ ಹೋಗಿ ಕೇಳಿದೆ. "ವನಜಾ, ಆವತ್ತು ಪಕ್ಕದಲ್ಲಿ ಏನಾಯ್ತು?" ಅಂತ. ನನ್ನನ್ನ ನೋಡಿದ್ಲು. "ಯಾರಾದ್ರೂ ಜಗಳ ಆಡಿದ್ರಾ? ಹಸಿವಾಗಿತ್ತಾ?" ಅಂದೆ. ಕಣ್ಣು ಮುಚ್ಕೊಂಡ್ಲು.

ಸೆಪ್ಟೆಂಬರ್ 5, ಶುಕ್ರವಾರ

ಅಮೋಘ್‌ಗೆ ಫೋನ್ ಮಾಡಿ, ತೆಗೆದ ಧ್ವನಿನ ವಾಪಸ್ ಸೇರಿಸೋಕಾಗುತ್ತಾ ಅಂದೆ. ಗಾಬರಿ ಆದ. "ಯಾಕೆ ಸಾರ್, ಎಲ್ಲರೂ ಮೆಚ್ಕೊಂಡಿದಾರಲ್ಲ! ಆ ವಾಯ್ಸ್ ಬೇರೆ ಫೈಲಾಗಿ ಬಿದ್ದಿದೆ ಸಾರ್. ಹಾಡು ಒಂದು ಕಡೆ, ಕಸ ಒಂದು ಕಡೆ ಮಾಡುತ್ತೆ ಸಾಫ್ಟ್‌ವೇರು. ಇನ್ನೂ ಡಿಲೀಟ್ ಮಾಡಿಲ್ಲ. ಬೇಕಾ?"

ಬೇಕು ಅಂದೆ. ಕಳಿಸಿದ. ಊಟದ ಟೈಮಲ್ಲಿ ಸ್ಟೋರ್ಸ್ ಹಿಂದೆ ಖಾಲಿ ಡ್ರಮ್ ಇಟ್ಟಿರ್ತೀವಿ, ಅಲ್ಲಿ ಹೋಗಿ ಕಿವಿಗೆ ಹಾಕ್ಕೊಂಡೆ.

ಹಾಡೇ ಇಲ್ಲ. ಎಲ್ಲೋ ಬಾವಿಯೊಳಗಿಂದ ಬಂದಂಗೆ, ವನಜಾ. ಎಷ್ಟು ಸಣ್ಣ ಧ್ವನಿ. ಮರೆತೇಹೋಗಿತ್ತು ನಂಗೆ.

"ಅಕ್ಕಾ, ಸ್ವಲ್ಪ ಮೆಲ್ಲಗೆ ಮಾತಾಡಿ. ನಮ್ಮನೇವ್ರು ರೆಕಾರ್ಡ್ ಮಾಡ್ತಿದಾರೆ."

ಆಮೇಲೆ ಇನ್ಯಾರಿಗೋ, "ಪಾಪುನ ಆ ಕಡೆ ಕೂರಿಸ್ಕೊಳ್ಳಿ ಅಕ್ಕ, ಅತ್ರೆ ಇದರಲ್ಲಿ ಬಂದ್ಬಿಡುತ್ತೆ."

ಒಬ್ಬ ಹೆಂಗಸು, "ಯಾರಮ್ಮ ನಿನ್ ಗಂಡ?" ಅಂತಾರೆ. ಇವಳು, "ಅಗೋ, ಕಂಬದ ಹತ್ರ ಕುಣೀತಿದಾರಲ್ಲ, ಅವ್ರೇ." ನಗ್ತಾರೆ ಆ ಹೆಂಗಸ್ರು. "ನಗಬೇಡಿ ಅಕ್ಕ, ಕೇಳುತ್ತೆ" ಅಂತಾಳೆ, ಅವಳೂ ನಗ್ತಾ.

ಆಮೇಲೆ ಆ ಜಾಗ ಬಂತು. "ಅಕ್ಕ, ದಮ್ಮಯ್ಯ, ಆಮೇಲೆ ತಿನ್ನೋಣ, ಪೇಪರ್ ಸದ್ದಾಗುತ್ತೆ ಬೋಂಡ ಬಿಚ್ಚಿದ್ರೆ." ಇಡೀ ಮಾತಲ್ಲಿ ಒಂದು ಪದ ಮಾತ್ರ ಬ್ಯಾಂಡ್ ನಿಂತಾಗ ಹೊರಗೆ ಬಂದಿತ್ತು.

ಊರೆಲ್ಲ ಬಾಯಿಬಡುಕಿ ಅಂದಿದ್ದು ಅವಳನ್ನ. ಅವಳು ಬಾಯಿ ಮುಚ್ಚಿಸ್ತಿದ್ದಿದ್ದು ಬೇರೆಯವ್ರದ್ದನ್ನ. ನನ್ನ ಟೇಪಿಗೋಸ್ಕರ.

ಕೊನೆಕೊನೆಗೆ ಒಂದು ಕಡೆ ತನಗೆ ತಾನೇ ಅಂತಾಳೆ, "ಕೈ ಜೋಮು ಹಿಡೀತು. ಇರ್ಲಿ, ಅಲ್ಲಾಡಿಸ್ಬಾರ್ದಂತೆ."

ಹುಡುಗ್ರು ಲೋಡ್ ಬಂತು ಅಂತ ಕರೆದ್ರು. ಹೋದೆ.

ಸೆಪ್ಟೆಂಬರ್ 6

ಇವತ್ತು ಏನೂ ಇಲ್ಲ.

ಸೆಪ್ಟೆಂಬರ್ 9, ಮಂಗಳವಾರ

ಥೆರಪಿಗೆ ಕರ್ಕೊಂಡು ಹೋಗಿದ್ದೆ. ಒಳಗೆ ಬನ್ನಿ ಸಾರ್ ಅಂದ್ರು, ಹೊರಗೇ ಇರ್ತೀನಿ ಮೇಡಂ ಅಂದೆ. ಬಾಗಿಲಾಚೆ ಅವಳ ಧ್ವನಿ ಕೇಳಿಸ್ತು. ಯಾವ ಪದ ಅಂತ ತಿಳೀಲಿಲ್ಲ. ಬೆಂಚಲ್ಲಿ ಕೂತಿದ್ದೆ.

ಅಲ್ಲಿಂದಲೇ ಅಮೋಘ್‌ಗೆ ಫೋನ್ ಮಾಡಿದೆ. "ಮಗಾ, ಹೆಸರು ಬದಲಾಯಿಸ್ಬೇಕು. ರೆಕಾರ್ಡ್ ಮಾಡಿದ್ದು ನಮ್ಮನೇವ್ರು, ವನಜಾ. ಸೈಡ್ ತಿರುಗಿಸಿದ್ದೂ ಅವಳೇ. ಪೂರ್ತಿ ಪ್ರೋಗ್ರಾಂ ಮಡಿಲಲ್ಲಿ ಹಿಡ್ಕೊಂಡು ಕೂತಿದ್ದು ಅವಳು. ನಾನು ಗಂಡಸರ ಕಡೆ ಕುಣೀತಿದ್ದೆ."

"ಸಾರ್, ಆವತ್ತು ನೀವೇ ತಾನೆ ಹೇಳಿದ್ದು, ಬೆರಳಲ್ಲಿ ಮುಟ್ಟಿ..."

"ಹೂಂ, ಹೇಳಿದ್ದೆ."

ಅವನು ಒಳ್ಳೆ ಹುಡುಗ. ತನ್ನ ಪೇಜಲ್ಲಿ ಬದಲಾಯಿಸ್ತಾನಂತೆ. "ಆದ್ರೆ ಸಾರ್, ಆಗ್ಲೇ ಎಷ್ಟೋ ಜನ ಕಾಪಿ ಮಾಡ್ಕೊಂಡು ಅವರವರ ಚಾನೆಲ್ಲಲ್ಲಿ ಹಾಕ್ಬಿಟ್ಟಿದಾರೆ. ಅದೆಲ್ಲ ನಮ್ ಕೈಲಿಲ್ಲ. ಈಗ ಎಲ್ರೂ ಕೇಳ್ತಿರೋದು ಆಂಟಿ ಇಲ್ಲದ ವರ್ಷನ್ನೇ. ಸಾರಿ, ಮೇಡಂ ಇಲ್ಲದ್ದು."

ನಮ್ಮ ಟೇಪ್ ಹರಡಿದ್ದೇ ಹಾಗಲ್ವಾ, ಯಾರನ್ನೂ ಕೇಳದೆ. ಈಗ ಯಾರಿಗೆ ಬೇಡ ಅನ್ನೋದು?

ವಾಪಸ್ ಬರ್ತಾ ಆಟೋದಲ್ಲಿ ಅವಳು ಹೊರಗಡೆ ನೋಡ್ತಿದ್ಲು. ನಾನೂ ನೋಡ್ತಿದ್ದೆ. ಮನೆ ಹತ್ರ ಇಳಿದ್ಮೇಲೆ ಭಾಗ್ಯಮ್ಮ ಕೇಳ್ತಾರೆ, "ಯಾಕ್ ಸಾ, ಮೈ ಉಸಾರಿಲ್ವಾ? ಎಲ್ಡು ದಿನದಿಂದ ನಿಮ್ ಮಾತೇ ಕೇಳಿಸ್ತಿಲ್ಲ." ಚೆನ್ನಾಗೇ ಇದೀನಿ ಅಂದೆ. ನಂಗೇನಾಗಿದೆ?

ಸೆಪ್ಟೆಂಬರ್ 14, ಭಾನುವಾರ

ಬೆಳಿಗ್ಗೆ ತಿಂಡಿ ಆದ್ಮೇಲೆ ಅವಳ ಮುಂದೆ ಸ್ಟೂಲ್ ಹಾಕ್ಕೊಂಡು ಕೂತೆ. ಹೇಳೋಕೆ ಒಂದು ರಾಶಿ ಇತ್ತು. ವಾರದಿಂದ ಸ್ಕೂಟರಲ್ಲಿ ಹೋಗ್ತಾ ಬರ್ತಾ ಜೋಡಿಸ್ಕೊಂಡಿದ್ದೆ. ಒಂದೂ ಬರ್ಲಿಲ್ಲ. "ಆ ಟೇಪಲ್ಲಿ ನೀನು ಹೇಳಿದ್ದು ಎಲ್ಲ ಕೇಳ್ದೆ ಕಣೇ" ಅಂದೆ ಅಷ್ಟೆ.

ಫೈಲ್ ಹಾಕ್ದೆ. ಸಣ್ಣ ದನಿ ಶುರುವಾಯ್ತು. ಕುತ್ತಿಗೆ ಸ್ವಲ್ಪ ಮುಂದೆ ಮಾಡಿ ಕೇಳಿದ್ಲು. ಆ ಹೆಂಗಸ್ರು ನಗೋವಾಗ ಅವಳ ತುಟಿ ಎಡಗಡೆ ಮಾತ್ರ ಮೇಲೆ ಹೋಯ್ತು, ಬಲಗಡೆ ಈಗ ಬರಲ್ಲ. ಮುಗಿದ್ಮೇಲೆ ಫೋನ್ ತೆಗೆದು ಟೇಬಲ್ ಮೇಲೆ ಬೋರಲು ಹಾಕಿದೆ. ರೆಕಾರ್ಡ್ ಒತ್ತಲಿಲ್ಲ, ಮೇಡಂ ಕೇಳಿದ್ರೆ ಇವತ್ತಿನ ರೆಕಾರ್ಡಿಂಗ್ ಇಲ್ಲ ನನ್ ಹತ್ರ.

ಅವಳು ನನ್ನನ್ನೇ ನೋಡಿದ್ಲು. ಬಾಯಿ ತೆರೆದ್ಲು.

"ಹೇ..."

ಹೇಗಿತ್ತು? ಹೇಳಿ? ಹೇಗ್ ಸಿಕ್ತು? ನನ್ ನಾಲಿಗೆ ತುದೀಲಿ ಎಲ್ಲಾ ಸಾಲಾಗಿ ನಿಂತಿದ್ವು. ಹಲ್ಲು ಕಚ್ಚಿ ಕೂತೆ. ಹೊರಗೆ ಹೂವಿನೋನು ಕೂಗ್ಕೊಂಡು ಬಂದ, ನಮ್ಮ ಬಾಗಿಲಲ್ಲಿ ನಿಂತ, ಯಾರೂ ಬರ್ಲಿಲ್ಲ ಅಂತ ಹೋದ. ಅವಳ ಗಂಟಲಲ್ಲಿ ನರ ಎದ್ದಿತ್ತು. ಹಣೆ ಮೇಲೆ ಬೆವರು. ಒರೆಸೋಕೆ ಕೈ ಎತ್ತಿದೆ, ಬೇಡ ಅಂತ ತಲೆ ಆಡಿಸಿದ್ಲು.

"ಹೇ... ಹೇಳಿದ್ದೆ."

ಆಮೇಲೆ ಉಸಿರು ತಗೊಂಡು, ನಿಧಾನಕ್ಕೆ, ಒಂದೊಂದೇ ಮೆಟ್ಟಿಲು ಹತ್ತಿದಂಗೆ,

"ಎಷ್ಟ್... ಸಲ."

ನಾನು ಕಾಯ್ತಾ ಕೂತೆ. ಅವಳ ಬಾಯಿ ಇನ್ನೂ ತೆರೆದೇ ಇತ್ತು. ಅವಳದು ಇನ್ನೂ ಮುಗಿದಿರ್ಲಿಲ್ಲ.